ಹೇಳದೆ ಬಿಟ್ಟ ನೀತಿ

ಅಮೆರಿಕದ ಮನೋವೈದ್ಯ ಮಿಲ್ಟನ್ ಎರಿಕ್ಸನ್ (1901–1980) ಫೀನಿಕ್ಸ್‌ನ ತಮ್ಮ ಮನೆಗೆ ಕಲಿಯಲು ಬಂದವರಿಗೆ ಸಿದ್ಧಾಂತ ಬೋಧಿಸುವುದಕ್ಕಿಂತ ಕತೆ ಹೇಳುತ್ತಿದ್ದುದೇ ಹೆಚ್ಚು. ಊರ ಗುಡ್ಡ ಹತ್ತಿ ಬನ್ನಿರೆಂದು ಕಳಿಸುತ್ತಿದ್ದುದೂ ಉಂಟು. ಆ ಕತೆಗಳನ್ನು ಶಿಷ್ಯ ಸಿಡ್ನಿ ರೋಸೆನ್ 1982ರಲ್ಲಿ ‘ಮೈ ವಾಯ್ಸ್ ವಿಲ್ ಗೋ ವಿತ್ ಯೂ’ ಎಂಬ ಪುಸ್ತಕವಾಗಿ ತಂದರು.

ಕತೆಗಳು ಸೊಗಸಾಗಿವೆ. ತೊಡಕಿರುವುದು ಸಂಪಾದಕರ ಟಿಪ್ಪಣಿಗಳಲ್ಲಿ. ಕತೆ ಮುಗಿದದ್ದೇ ತಡ, ರೋಸೆನ್ ಹಲವೆಡೆ ಅರ್ಥ ಬಿಡಿಸಲು ಕೂರುತ್ತಾರೆ. ಗುರು ಕೇಳುಗನ ಪಾಲಿಗೆ ಬಿಟ್ಟದ್ದನ್ನು ಶಿಷ್ಯ ಕಿತ್ತುಕೊಂಡಂತೆ ನನಗನ್ನಿಸಿತು.

ಆದರೂ ನಾನು ಈ ಪುಸ್ತಕಕ್ಕೆ ಋಣಿ. ಕಾಲೇಜು ಬಿಟ್ಟು ಕುಳಿತ ಮಗನಿಗೆ ವರ್ಷವಿಡೀ ಉಪದೇಶ ಮಾಡಿದ್ದೆ. ಒಂದು ಸಂಜೆ, ನಾನು ಪಿಯುಸಿಯಲ್ಲಿ ನಪಾಸಾದ ಕತೆ ಹೇಳಿದೆ. ನೀತಿ ನಾಲಿಗೆಯ ತುದಿಗೆ ಬಂದಿತ್ತು; ನುಂಗಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ: ‘ಆಮೇಲೇನಾಯ್ತು, ಅಪ್ಪಾ?’