ಶಕ್ತಿಮಾನ್: ಒಂದು ಕಂತಿಗೆ ಟೀಕೆ, ತಾತ್ಪರ್ಯ

ಗಮಕದಲ್ಲಿ ಒಬ್ಬರು ಕುಮಾರವ್ಯಾಸನನ್ನು ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸುತ್ತಾರೆ. 1997ರ ಸೆಪ್ಟೆಂಬರ್ 13ರಂದು ದೂರದರ್ಶನದಲ್ಲಿ ‘ಶಕ್ತಿಮಾನ್’ ಶುರುವಾದ ಮೇಲೆ ಬೆಂಗಳೂರಿನ ಇಟ್ಟಮಡುವಿನಲ್ಲಿ ಟಿವಿ ಇದ್ದ ಮನೆಗಳಲ್ಲೂ ಹೆಚ್ಚು ಕಡಿಮೆ ಇದೇ ಏರ್ಪಾಡು. ಶಕ್ತಿಮಾನ್ ಆಡುತ್ತಿದ್ದದ್ದು ಹಿಂದಿ. ಕನ್ನಡಕ್ಕೆ ಡಬ್ಬಿಂಗ್ ಕೂಡದೆಂಬ ಅಘೋಷಿತ ನಿಷೇಧ ಗಟ್ಟಿಯಾಗಿದ್ದ ಕಾಲ. ಸ್ಕೂಲಲ್ಲಿ ಮೂರನೇ ಭಾಷೆಯಾಗಿ ಹಿಂದಿ ಓದುತ್ತಿದ್ದ ಅಕ್ಕ, ಅಣ್ಣಂದಿರೇ ವ್ಯಾಖ್ಯಾನಕಾರರು. ಅರ್ಧ ಮೂಲದ್ದು, ಇನ್ನರ್ಧ ಸ್ವಂತದ್ದು. ಮೊನ್ನೆ ಅದೇ ಇಟ್ಟಮಡುವಿನಲ್ಲಿ ತಂಗಿಯ ಮಗನನ್ನು ಕೂರಿಸಿಕೊಂಡು ಯೂಟ್ಯೂಬ್‌ನಲ್ಲಿ ಮತ್ತೆ ನೋಡಿದೆ. ಕಂತಿನ ಸಂಖ್ಯೆ ಬೇಡ, ಮೊದಲ ವರ್ಷಗಳ ಯಾವ ಕಂತಿಗಾದರೂ ಈ ಟೀಕೆ ಸಲ್ಲುತ್ತದೆ.

‘ಗಂಗಾಧರ ಪತ್ರಿಕಾ ಕಚೇರಿಗೆ ಬಂದ, ಬರುತ್ತಲೇ ಎಡವಿದ.’

ಪೂರ್ತಿ ಹೆಸರು ಪಂಡಿತ್ ಗಂಗಾಧರ್ ವಿದ್ಯಾಧರ್ ಮಾಯಾಧರ್ ಓಂಕಾರನಾಥ್ ಶಾಸ್ತ್ರಿ. ‘ಆಜ್ ಕಿ ಆವಾಜ್’ ಪತ್ರಿಕೆಯ ಫೋಟೋಗ್ರಾಫರ್, ಶಕ್ತಿಮಾನ್‌ನ ಮಾರುವೇಷ. ಮುಂದಕ್ಕೆ ಚಾಚಿದ ಹಲ್ಲು, ಕನ್ನಡಕ, ಪೆದ್ದು ನಗು. ಸೂಪರ್‌ಮ್ಯಾನ್‌ನ ಕ್ಲಾರ್ಕ್ ಕೆಂಟ್‌ಗೆ ಸಂಸ್ಕೃತ ಪಾಠ ಹೇಳಿಸಿದ ಹಾಗೆ. “ಮಾಮ, ಕನ್ನಡಕ ತೆಗೆದರೆ ಅವನೇ ಅಂತ ಯಾರಿಗೂ ಗೊತ್ತಾಗಲ್ವಾ?” ಎಂದ ಹುಡುಗ. ವಿರಾಟನ ಊರಿನಲ್ಲಿ ಐವರು ಪಾಂಡವರೂ ದ್ರೌಪದಿಯೂ ಒಂದು ವರ್ಷ ಇದ್ದರೂ ಯಾರಿಗೂ ಗುರುತು ಹತ್ತಲಿಲ್ಲ, ಅದನ್ನು ಯಾರೂ ಪ್ರಶ್ನಿಸಿಲ್ಲ ಎಂದೆ. ಒಪ್ಪಲಿಲ್ಲ. ಇರಲಿ. ಮುಖೇಶ್ ಖನ್ನಾ ಹೀರೋ ಆಗಿ ಎದೆಯುಬ್ಬಿಸಿ ನಿಲ್ಲುವುದಕ್ಕಿಂತ ಗಂಗಾಧರನಾಗಿ ತೊದಲುವುದೇ ಚೆನ್ನ ಎಂಬುದು ಈ ಟೀಕಾಕಾರನ ಮತ.

‘ಗೀತಾ ವಿಶ್ವಾಸ್ ಅಪಾಯಕ್ಕೆ ಸಿಕ್ಕಿಕೊಂಡಳು.’

ಇಲ್ಲೊಂದು ಪಾಠಾಂತರವಿದೆ. ಮೊದಮೊದಲ ಪ್ರತಿಗಳಲ್ಲಿ ಈ ವರದಿಗಾರ್ತಿ ಕಿಟು ಗಿದ್ವಾನಿ, ಆಮೇಲಿನವುಗಳಲ್ಲಿ ವೈಷ್ಣವಿ ಮಹಂತ್. ಅಪಾಯ ಮಾತ್ರ ಎರಡರಲ್ಲೂ ಒಂದೇ.

‘ಗಿರ್ರನೆ ಸುತ್ತಿದ, ಹಾರಿದ.’

ಕಂತಿನ ಜೀವವೆಲ್ಲ ಈ ಸಾಲಿನಲ್ಲಿದೆ. ಕೈಯೆತ್ತಿ ಬುಗುರಿಯಂತೆ ಸುತ್ತಿದರೆ ಗಂಗಾಧರ ಮಾಯ, ಎದೆಯ ಮೇಲೆ ಹೊನ್ನಿನ ಚಕ್ರ ಹೊತ್ತ ಶಕ್ತಿಮಾನ್ ಪ್ರತ್ಯಕ್ಷ. ಈ ಶಕ್ತಿ ಬಂದದ್ದು ತಪಸ್ಸು, ಕುಂಡಲಿನಿ, ಪಂಚಭೂತಗಳಿಂದ. ಹಾರುವಾಗ ಮೈಯ ಅಂಚಿನುದ್ದಕ್ಕೂ ಕತ್ತರಿಸಿ ಅಂಟಿಸಿದ ಗೆರೆ ಎದ್ದು ಕಾಣುತ್ತದೆ. ಬಣ್ಣದ ಪರದೆಯ ಮುಂದೆ ಚಿತ್ರೀಕರಿಸಿ ಹಿಂದೆ ಬೇರೆ ದೃಶ್ಯ ಕೂರಿಸುವ ವಿದ್ಯೆ ಆಗ ನಮ್ಮ ಟಿವಿಯಲ್ಲಿ ಅಷ್ಟಕ್ಕಷ್ಟೇ. “ನೆರಳೇ ಬೀಳ್ತಿಲ್ಲ” ಎಂದು ಹುಡುಗ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದ.

1966ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಬಂದ ‘ಬ್ಯಾಟ್‌ಮನ್’ ಇದಕ್ಕಿಂತ ಕಳ್ಳ. ಆಡಮ್ ವೆಸ್ಟ್ ಹಗ್ಗ ಹಿಡಿದು ಗೋಡೆ ಹತ್ತುವ ದೃಶ್ಯಕ್ಕೆ ಕ್ಯಾಮೆರಾವನ್ನೇ ಅಡ್ಡ ತಿರುಗಿಸುತ್ತಿದ್ದರು, ಅವನು ನಡೆಯುತ್ತಿದ್ದದ್ದು ನೆಲದ ಮೇಲೆ. ಗುದ್ದಿದಾಗಲೆಲ್ಲ ಪರದೆ ತುಂಬ ‘ಪೌ’ ಎಂದು ದಪ್ಪಕ್ಷರ. ದೊಡ್ಡವರು ನಗಲಿ ಎಂದೇ ಹೂಡಿದ ಆಟ ಅದು. ಶಕ್ತಿಮಾನ್ ಒಂದು ಸಲವೂ ಹಾಗೆ ಕಣ್ಣು ಮಿಟುಕಿಸುವುದಿಲ್ಲ. ಗೆರೆ ಕಂಡರೂ ನೆರಳಿಲ್ಲದಿದ್ದರೂ ತಾನು ಹಾರುತ್ತಿದ್ದೇನೆಂದೇ ಅವನ ನಂಬಿಕೆ. ಆ ನಂಬಿಕೆಗೆ ನಾವೂ ಬಿದ್ದೆವು. ಇಟ್ಟಮಡುವಿನಲ್ಲಿ ಆಗ ಎಲ್ಲಿ ನೋಡಿದರೂ ಮನೆ ಏಳುತ್ತಿದ್ದ ಕಾಲ. ರಸ್ತೆಗೆ ಸುರಿದ ಮರಳ ಗುಡ್ಡೆ ಹತ್ತಿ, ಸುತ್ತಿ ಸುತ್ತಿ, ತಲೆ ತಿರುಗಿ ಬೀಳುವುದೇ ನಮ್ಮ ಹಾರಾಟ. ಮೇಸ್ತ್ರಿ ಬೈದು ಓಡಿಸುವ ತನಕ.

‘ಕತ್ತಲೆಯೇ ಸ್ಥಿರವಾಗಲಿ ಎಂದು ಕಿಲ್ವಿಶ್ ಗುಡುಗಿದ.’

ತಮ್ರಾಜ್ ಕಿಲ್ವಿಶ್ ಪಾತ್ರದ ಸುರೇಂದ್ರ ಪಾಲ್, ಬಿ.ಆರ್. ಚೋಪ್ರಾ ‘ಮಹಾಭಾರತ’ದ ದ್ರೋಣ. ಮುಖೇಶ್ ಖನ್ನಾ ಅದರ ಭೀಷ್ಮ. ಕುರುಕ್ಷೇತ್ರದಲ್ಲಿ ಒಂದೇ ಕಡೆ ನಿಂತಿದ್ದ ಇಬ್ಬರು ಇಲ್ಲಿ ಎದುರುಬದುರು! ನಮ್ಮ ಮನೆಯಲ್ಲಿ ಅಜ್ಜಿಯೂ ಬಂದು ಕೂರುತ್ತಿದ್ದದ್ದು ಇದೇ ಕಾರಣಕ್ಕೆ. ಅವನು ಕತ್ತಲೆ ಎಂದ ಹೊತ್ತಿಗೇ ಕರೆಂಟ್ ಹೋದ ಭಾನುವಾರಗಳೂ ಉಂಟು, ಆಗ ಅವನ ಮಹಿಮೆಯ ಬಗ್ಗೆ ಯಾರಿಗೂ ಸಂಶಯ ಉಳಿಯುತ್ತಿರಲಿಲ್ಲ. ಆದರೂ ಮತ್ತೆ ನೋಡಿದಾಗ ನನಗೆ ಹಿಡಿಸಿದ್ದು ಅವನ ಕೈಕೆಳಗಿನ ವಿಜ್ಞಾನಿ, ಲಲಿತ್ ಪರಿಮೂ ಮಾಡಿದ ಡಾಕ್ಟರ್ ಜೈಕಾಲ್. ‘ಪವರ್’ ಎಂದು ಅವನು ಕಿರುಚುವುದರಲ್ಲಿ ನಿಜವಾದ ಹುಚ್ಚಿದೆ.

ನಡುವೆ ಬರುವ ಪಾರ್ಲೆ-ಜಿ ಜಾಹೀರಾತು ಪ್ರಕ್ಷಿಪ್ತ. ಆದರೆ ಬಿಸ್ಕತ್ತಿಲ್ಲದ ಶಕ್ತಿಮಾನ್ ನಮ್ಮ ತಲೆಮಾರಿಗೆ ನೆನಪೇ ಆಗುವುದಿಲ್ಲ.

‘ಹೊಡೆದಾಟವಾಯಿತು.’

ಸ್ಪಷ್ಟ.

‘ಕೊನೆಗೆ ಮಕ್ಕಳ ಕಡೆ ತಿರುಗಿ ಬುದ್ಧಿ ಹೇಳಿದ.’

‘ಛೋಟಿ ಛೋಟಿ ಮಗರ್ ಮೋಟಿ ಬಾತೇ’ ಎಂಬ ಭಾಗ. ತಪ್ಪು ಮಾಡಿದ ಮಗು ತಲೆ ತಗ್ಗಿಸಿ ‘ಸಾರಿ ಶಕ್ತಿಮಾನ್’ ಎನ್ನುತ್ತದೆ. ಆಗ ಇದು ಬಂದರೆ ನಾವು ಎದ್ದು ಆಟಕ್ಕೆ ಓಡುತ್ತಿದ್ದೆವು. ಈಗ ನೋಡಿದರೆ ಇಡೀ ಕಂತಿನಲ್ಲಿ ಇದೇ ಗಟ್ಟಿ. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ಮಕ್ಕಳು ಬೆಂಕಿ ಹಚ್ಚಿಕೊಂಡರು, ಮೇಲಿಂದ ಹಾರಿದರು ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ನನ್ನನ್ನು ಅನುಕರಿಸಬೇಡಿ ಎಂದು ಮುಖೇಶ್ ಖನ್ನಾ ಪರದೆಯ ಮೇಲೆಯೇ ಹೇಳಬೇಕಾಯಿತು. ತನ್ನನ್ನು ಪೂರ್ತಿ ನಂಬಿದ ಮಗುವಿಗೆ ಉತ್ತರ ಕೊಡುವ ಹೊಣೆ ಹೊತ್ತ ಸೂಪರ್‌ಹೀರೋ ಇವನು. ನಗಿಸಿ ಕಳಿಸುವ ಬ್ಯಾಟ್‌ಮನ್‌ಗೆ ಆ ಕಷ್ಟವಿರಲಿಲ್ಲ.

ಧಾರಾವಾಹಿ 2005ರ ಮಾರ್ಚ್ 27ಕ್ಕೆ ಮುಗಿಯಿತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ, ದೂರದರ್ಶನ ಮತ್ತೆ ಪ್ರಸಾರ ಮಾಡಿತು. ಮನೆಯ ಮಕ್ಕಳಿಗೆ ತೋರಿಸುವುದಾದರೆ ಜೈಕಾಲ್ ಇರುವ ಕಂತುಗಳಿಂದ ಶುರು ಮಾಡಿ. ಹೊಡೆದಾಟ ಓಡಿಸಿದರೂ ನಷ್ಟವಿಲ್ಲ, ಕೊನೆಯ ಬುದ್ಧಿಮಾತನ್ನು ಮಾತ್ರ ಓಡಿಸಬೇಡಿ.