ಮೊಬೈಲ್ ದಿನಚರಿ ಮತ್ತು ಹದಿಹರೆಯದ ಪ್ರೇಮ: ಒಂದು ವಿಧಾನದ ವಿಮರ್ಶೆ

ಹದಿಹರೆಯದವರ ಪ್ರೇಮವನ್ನು ನೆನಪಿನ ಮಾತಿನಿಂದಲ್ಲ, ಆಯಾ ಗಳಿಗೆಯ ಬರಹದಿಂದ ಅರಿಯಬೇಕೆಂಬುದು ಮೊಬೈಲ್ ದಿನಚರಿ ವಿಧಾನದ ಮೂಲತತ್ತ್ವ. ದಿನದಲ್ಲಿ ಹಲವು ಬಾರಿ ಫೋನು ಸದ್ದು ಮಾಡುತ್ತದೆ; ತಾನು ಎಲ್ಲಿದ್ದೇನೆ, ಯಾರೊಡನಿದ್ದೇನೆ, ಮನಸ್ಸು ಹೇಗಿದೆ ಎಂಬುದನ್ನು ವಿದ್ಯಾರ್ಥಿ ಆಗಲೇ ಬರೆಯಬೇಕು. ಇದರ ಬೀಜ ಹಳೆಯದು. ಚಿಕ್‌ಸೆಂಟ್‌ಮಿಹಾಯಿ ಮತ್ತು ರೀಡ್ ಲಾರ್ಸನ್ ಅವರು ಷಿಕಾಗೋ ಪ್ರದೇಶದ 75 ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಪೇಜರು ಕೊಟ್ಟು ನಡೆಸಿದ ಅಧ್ಯಯನ 1984ರಲ್ಲಿ ಗ್ರಂಥವಾಗಿ ಹೊರಬಂದಿತು. ಮುಂದೆ ಲಾರ್ಸನ್ನರು ಸುಮನ್ ವರ್ಮಾ ಅವರೊಡನೆ ಚಂಡೀಗಢದ ಮಧ್ಯಮವರ್ಗದ ಮಕ್ಕಳ ಓದು, ಬಿಡುವು, ಕುಟುಂಬಜೀವನಗಳನ್ನು ಇದೇ ಕ್ರಮದಲ್ಲಿ ಪರಿಶೀಲಿಸಿದರು.

ವಿಧಾನದ ಗುಣ ನಿರ್ವಿವಾದವಾದುದು. ಮುನಿಸಿನ ಸಂಜೆ ಬರೆದ ಮಾತು ಬೇರೆ, ವಾರ ಕಳೆದು ಹೇಳುವ ಕಥೆ ಬೇರೆ. ಆದರೆ ಕಡೂರು ತಾಲ್ಲೂಕಿನ ಪಂಚನಹಳ್ಳಿಯಂಥ ಹೋಬಳಿಗೆ ಇದನ್ನು ಹಾಗೆಯೇ ತರಬಹುದೇ ಎಂಬುದು ಪ್ರಕೃತ ಪ್ರಶ್ನೆ.

ದಿನಚರಿ ಏಕಾಂತವನ್ನು ಬೇಡುತ್ತದೆ. ಒಂದೇ ಫೋನು ತಂದೆ, ಅಣ್ಣ, ಮಗಳು ಇವರೆಲ್ಲರ ಕೈಯಲ್ಲಿ ಸುತ್ತುವ ಮನೆಯಲ್ಲಿ ಆ ಏಕಾಂತವೆಲ್ಲಿ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ತಾವೇ ಬಳಸುವ ಫೋನುಳ್ಳ ಸ್ತ್ರೀಯರು ದೇಶದಲ್ಲಿ ನೂರಕ್ಕೆ ಸುಮಾರು 54 ಮಂದಿ ಮಾತ್ರ. ಸ್ವಂತ ಫೋನುಳ್ಳವರನ್ನಷ್ಟೇ ಆರಿಸಿದರೆ ಹುಡುಗಿಯರಲ್ಲಿ ಅನೇಕರು ಲೆಕ್ಕಕ್ಕೇ ಸಿಗರು. ಎಲ್ಲರಿಗೂ ಹಂಚಿದರೆ ಆ ಫೋನೇ ಮನೆಯವರ ಸಂಶಯಕ್ಕೆ ಕಾರಣವಾದೀತು.

ಇದಕ್ಕಿಂತ ಗುರುತರವಾದುದು ಕಾನೂನಿನ ತೊಡಕು. 2012ರ ಪೋಕ್ಸೋ ಕಾಯಿದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಎಣಿಸುತ್ತದೆ. ಅವರ ಒಪ್ಪಿಗೆಯನ್ನು ಅದು ಗಣಿಸದು. ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು ಅದರ 19ನೆಯ ಕಲಮು ವಿಧಿಸುತ್ತದೆ. ಸಂಶೋಧಕನಿಗೂ ಅಲ್ಲಿ ವಿನಾಯಿತಿಯಿಲ್ಲ. ಹೀಗಿರುವಾಗ “ನೀನು ಬರೆದುದು ಗುಟ್ಟಾಗಿರುತ್ತದೆ” ಎಂಬ ಭರವಸೆ ಪೂರ್ಣಸತ್ಯವಾಗಲಾರದು. ಹದಿನಾರರ ಹುಡುಗಿಯೊಬ್ಬಳು ನಂಬಿ ಬರೆದ ಒಂದು ಸಾಲು, ದಿನಾಂಕ ವೇಳೆಗಳ ಗುರುತಿನೊಡನೆ, ಅವಳ ಗೆಳೆಯನ ವಿರುದ್ಧ ಸಾಕ್ಷ್ಯವಾಗಬಹುದು.

ಆದುದರಿಂದ ಈ ವಿಧಾನವನ್ನು ಹದಿನೆಂಟು ತುಂಬಿದ, ಸ್ವಂತ ಫೋನುಳ್ಳ ಕಾಲೇಜು ವಿದ್ಯಾರ್ಥಿಗಳಿಗೆ ಸೀಮಿತಗೊಳಿಸುವುದು ಉಚಿತ. ಪ್ರಶ್ನೆಗಳು ಕಾತರ, ಮುನಿಸು, ಅಸೂಯೆ, ಸಮಾಧಾನಗಳನ್ನು ಕುರಿತಿರಲಿ. ಹೆಸರನ್ನಾಗಲಿ ನಡೆದ ಸಂಗತಿಯನ್ನಾಗಲಿ ಕೇಳಕೂಡದು. ಕಿರಿಯರ ಮನೋಭಾವವನ್ನು ಕಲ್ಪಿತ ಕಥೆಯೊಂದರ ಮೇಲಿನ ಚರ್ಚೆಯಿಂದ ಅರಿಯಬಹುದು. ಇದರಿಂದ ಆಯಾ ಗಳಿಗೆಯ ನಿಖರತೆ ಒಂದಷ್ಟು ನಷ್ಟವಾಗುವುದು ನಿಜ. ಆ ನಷ್ಟವನ್ನು ಶಾಸ್ತ್ರ ಹೊರಬಲ್ಲದು. ಇನ್ನೊಂದು ನಷ್ಟವನ್ನು ಹೊರಬೇಕಾದವರು ಮಕ್ಕಳು.