ವಯಸ್ಸು ಕೇಳದ ಕಥನಗಳು: ಕನ್ನಡದಲ್ಲಿ ಎಳೆಯ ಯೋಧನ ಚಿತ್ರಣ

೧

ರಣರಂಗಕ್ಕೆ ಹೋಗುವ ಹುಡುಗನ ಕಥೆ ಕನ್ನಡಕ್ಕೆ ಹೊಸತಲ್ಲ. ಅಭಿಮನ್ಯು, ಬಭ್ರುವಾಹನ, ಸುಧನ್ವ, ಕುಶ-ಲವರು, ಕುಮ್ಮಟದ ಕುಮಾರರಾಮ, ತುಳುನಾಡಿನ ಕೋಟಿ-ಚೆನ್ನಯರು ಎಳೆಯ ಪ್ರಾಯದಲ್ಲೇ ಶಸ್ತ್ರ ಹಿಡಿದವರೆಂದು ನಮ್ಮ ಕಾವ್ಯಗಳೂ ಮೌಖಿಕ ಪರಂಪರೆಯೂ ಹಾಡಿಕೊಂಡು ಬಂದಿವೆ. ಇಂಗ್ಲಿಷಿನಲ್ಲಿ ಹದಿಹರೆಯದವರಿಗಾಗಿಯೇ ಬರೆದ ಯುದ್ಧಕಥನವು ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆದಿದೆ. ಕನ್ನಡದಲ್ಲಿ ಕಿಶೋರ ಸಾಹಿತ್ಯವೆಂಬ ಹೆಸರು ಇದ್ದರೂ ಅಂತಹ ಪ್ರಕಾರವು ಗಟ್ಟಿಯಾಗಿ ರೂಪುಗೊಂಡಿಲ್ಲ. ಆದರೆ ಅದರ ವಸ್ತು ನಮ್ಮಲ್ಲಿ ಸಾವಿರ ವರ್ಷಗಳಷ್ಟು ಹಳೆಯದು.

ಎಳೆಯ ಯೋಧನ ಸಾಹಸವನ್ನು ಹೊಗಳಿದ ಅಧ್ಯಯನಗಳು ಸಾಕಷ್ಟಿವೆ. ಪ್ರಸ್ತುತ ಲೇಖನದ ಉದ್ದೇಶ ಬೇರೆ. ಈ ಕಥನಗಳು ಹುಡುಗನ ವಯಸ್ಸನ್ನು ಗಣನೆಗೆ ತೆಗೆದುಕೊಳ್ಳುತ್ತವೆಯೇ, ಅವನನ್ನು ಕಳುಹಿಸಿದ ಹಿರಿಯರನ್ನು ಪ್ರಶ್ನಿಸುತ್ತವೆಯೇ, ಎದುರು ಪಕ್ಷದ ಹುಡುಗನನ್ನೂ ಕಾಣುತ್ತವೆಯೇ ಎಂಬ ಮೂರು ಪ್ರಶ್ನೆಗಳ ಮೂಲಕ ಕೆಲವು ಪಠ್ಯಗಳನ್ನು ಪರಿಶೀಲಿಸುವುದು ಇಲ್ಲಿನ ಪ್ರಯತ್ನ.

೨

ವೀರಗಲ್ಲುಗಳಿಂದ ಆರಂಭಿಸುವುದು ಉಚಿತ. ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ಶಾಸನವು ಸುಮಾರು ಕ್ರಿ.ಶ. ೭೫೦ರದು. ಗಂಗರ ಶ್ರೀಪುರುಷನ ಕಾಲದಲ್ಲಿ ತನ್ನ ನಾಡಿನ ಮೇಲೆ ಬಂದ ರಾಷ್ಟ್ರಕೂಟರ ದಾಳಿಯನ್ನು ಎದುರಿಸಿ ಮಡಿದ ವೀರನ ನೆನಪು ಅದು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ರೂಢಿಯಾದ ವಿನ್ಯಾಸವೊಂದಿದೆ: ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ಸತ್ತವನ ಹೆಸರು, ಊರು, ಒಡೆಯ, ಕೆಲವೊಮ್ಮೆ ಬಿಟ್ಟ ದತ್ತಿ ಇಷ್ಟನ್ನು ಕಲ್ಲು ಹೇಳುತ್ತದೆ. ಅವನ ವಯಸ್ಸನ್ನು ಮಾತ್ರ ಸಾಮಾನ್ಯವಾಗಿ ಹೇಳುವುದಿಲ್ಲ. ಕಲ್ಲಿನಲ್ಲಿ ಕೆತ್ತಿದ ದೇಹವೂ ಬಹುಮಟ್ಟಿಗೆ ಒಂದೇ ಬಗೆಯದು, ತುಂಬುಪ್ರಾಯದ್ದು. ಮಡಿದವರಲ್ಲಿ ಎಷ್ಟು ಮಂದಿ ಹದಿನೈದು-ಹದಿನಾರರ ಹುಡುಗರಿದ್ದರು ಎಂಬುದನ್ನು ಈ ದಾಖಲೆಗಳಿಂದ ಅರಿಯುವುದು ಸಾಧ್ಯವಿಲ್ಲ. ಇದನ್ನು ಶಿಲ್ಪಿಯ ದೋಷವೆನ್ನಲಾಗದು. ವೀರಮರಣದ ಕಲ್ಪನೆಯೇ ವಯಸ್ಸನ್ನು ಅಳಿಸಿಹಾಕುವಂಥದ್ದು. ಸ್ವರ್ಗಕ್ಕೆ ಹೋದವನಿಗೆ ಪ್ರಾಯದ ಲೆಕ್ಕವಿಲ್ಲ. ಕಿತ್ತಯ್ಯನ ಪ್ರಾಯವೆಷ್ಟು ಎಂದು ಕೇಳಬೇಕೆಂದು ನಮಗೂ ತೋಚುವುದಿಲ್ಲವೆಂಬುದು ಆ ಕಲ್ಪನೆಯ ಬಲಕ್ಕೆ ಸಾಕ್ಷಿ.

ಮಹಾಕಾವ್ಯ ಪರಂಪರೆ ಈ ವಿಷಯದಲ್ಲಿ ಭಿನ್ನವಾಗಿ ನಡೆದುಕೊಂಡಿದೆ. ಅಭಿಮನ್ಯುವಿನ ಆಯುಷ್ಯ ಹದಿನಾರು ವರ್ಷವೆಂದು ವ್ಯಾಸಭಾರತವು ಆದಿಪರ್ವದಲ್ಲೇ ನಿಗದಿಮಾಡುತ್ತದೆ. ಹದಿಮೂರನೆಯ ದಿನ ಅರ್ಜುನನು ಸಂಶಪ್ತಕರೊಡನೆ ಹೋರಾಡಲು ದೂರ ಹೋಗಿದ್ದಾಗ, ವ್ಯೂಹವನ್ನು ಒಡೆಯಲು ಹುಡುಗನನ್ನು ಕೇಳುವವನು ಯುಧಿಷ್ಠಿರ. ಒಳಹೋಗಬಲ್ಲೆ, ಆಪತ್ತು ಬಂದರೆ ಹೊರಬರಲಾರೆ ಎಂದು ಹುಡುಗ ಸ್ಪಷ್ಟವಾಗಿ ತಿಳಿಸುತ್ತಾನೆ. ನೀನು ಬಾಗಿಲು ತೆರೆ, ನಾವು ಹಿಂದೆಯೇ ಬರುತ್ತೇವೆ ಎಂಬುದು ಹಿರಿಯರ ಭರವಸೆ. ಭಾರ ಹೆಚ್ಚಾಯಿತೆಂದು ಎಚ್ಚರಿಸುವವನು ಸಾರಥಿಯೊಬ್ಬನೇ. ಮುಂದೆ ಜಯದ್ರಥನು ಪಾಂಡವರನ್ನು ತಡೆಯುತ್ತಾನೆ, ದ್ರೋಣನ ಸೂಚನೆಯಂತೆ ಕರ್ಣನು ಬಿಲ್ಲನ್ನು ಕಡಿಯುತ್ತಾನೆ, ಹಲವು ಮಹಾರಥರು ಕೂಡಿ ಒಬ್ಬನನ್ನು ಮುತ್ತುತ್ತಾರೆ, ಕೊನೆಯಲ್ಲಿ ದುಃಶಾಸನನ ಮಗನ ಗದೆ ಅವನನ್ನು ಕೊಲ್ಲುತ್ತದೆ.

ಗಮನಿಸಬೇಕಾದದ್ದು ನಂತರದ ಭಾಗವನ್ನು. ಊಟ, ವಾಹನ, ಹಾಸಿಗೆಗಳಲ್ಲಿ ಮುಂದಿಡಬೇಕಾದ ಬಾಲಕನನ್ನು ನಾವು ಯುದ್ಧದಲ್ಲಿ ಮುಂದಿಟ್ಟೆವಲ್ಲ ಎಂಬ ಅರ್ಥದಲ್ಲಿ ಯುಧಿಷ್ಠಿರನು ಹಲುಬುತ್ತಾನೆ. ಸುಭದ್ರೆಗೂ ಅರ್ಜುನನಿಗೂ ಏನೆಂದು ಹೇಳಲಿ ಎಂದು ಕುಗ್ಗುತ್ತಾನೆ. ಕಥನವು ಕೊಂದವರನ್ನು ದೂಷಿಸುವುದಕ್ಕೆ ನಿಲ್ಲದೆ ಕಳುಹಿಸಿದವರನ್ನೂ ಕಟಕಟೆಯಲ್ಲಿ ನಿಲ್ಲಿಸುವ ಸ್ಥಳವಿದು. ಇದನ್ನು ಬಿಟ್ಟುಬಿಟ್ಟರೆ ಅಭಿಮನ್ಯುವಿನ ಕಥೆಯ ನೈತಿಕ ಅರ್ಧವೇ ಹೋದಂತೆ.

೩

ಮೂರನೆಯ ಪ್ರಶ್ನೆಗೆ, ಎಂದರೆ ಎದುರು ಪಕ್ಷದ ಹುಡುಗನನ್ನು ಕಾಣುವ ಪ್ರಶ್ನೆಗೆ, ಕನ್ನಡದ ಅತ್ಯುತ್ತಮ ಉತ್ತರ ಹತ್ತನೆಯ ಶತಮಾನದಲ್ಲಿ ರನ್ನನ 'ಗದಾಯುದ್ಧ'ದಲ್ಲಿ ದೊರೆಯುತ್ತದೆ. ಭೀಷ್ಮನನ್ನು ಕಾಣಲು ಸಂಜಯನೊಡನೆ ರಣಭೂಮಿಯಲ್ಲಿ ನಡೆಯುವ ದುರ್ಯೋಧನನು ತನ್ನವರ ಶವಗಳ ನಡುವೆ ಅಭಿಮನ್ಯುವಿನ ಶವವನ್ನೂ ಕಾಣುತ್ತಾನೆ. ಅದಕ್ಕೆ ಕೈಮುಗಿದು, ಇಂಥ ಮರಣದ ಒಂದಂಶವಾದರೂ ತನಗೆ ದೊರೆಯಲೆಂದು ಬಯಸುತ್ತಾನೆ. ಬಳಿಕ ಅವನಿಗೆ ಎದುರಾಗುವುದು ಸ್ವಂತ ಮಗ ಲಕ್ಷಣಕುಮಾರನ ದೇಹ. ಭಾರತದ ಕಥೆಯಂತೆ ಅವನನ್ನು ಕೊಂದವನು ಇದೇ ಅಭಿಮನ್ಯು, ಅದೂ ತಾನು ಸತ್ತ ದಿನವೇ.

ಅಭಿಮನ್ಯುವಿನ ಮುಂದೆ ದುರ್ಯೋಧನನು ವೀರಗಲ್ಲಿನ ಭಾಷೆಯನ್ನಾಡುತ್ತಾನೆ: ಸಾಹಸ, ಸ್ಪರ್ಧೆ, ಅನುಕರಿಸಬೇಕೆನ್ನುವ ಮರಣ. ಮಗನ ಮುಂದೆ ಆ ಭಾಷೆ ಕೆಲಸಕ್ಕೆ ಬಾರದಾಗುತ್ತದೆ. ಮಗನು ತಂದೆಗೆ ತರ್ಪಣ ಕೊಡುವುದು ಲೋಕದ ಕ್ರಮ, ಅದು ತಲೆಕೆಳಗಾಯಿತಲ್ಲ ಎಂಬ ಗೃಹಸ್ಥನ ದುಃಖವಷ್ಟೇ ಉಳಿಯುತ್ತದೆ. ಒಂದೇ ದಿನ ಸತ್ತ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಪ್ರಶಂಸೆ, ಇನ್ನೊಬ್ಬನಿಗೆ ಕಣ್ಣೀರು. ಪರರ ಮಗನ ಸಾವನ್ನು ವೀರಮರಣವೆನ್ನುವುದು ಸುಲಭವೆಂದು ಕವಿ ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ಎರಡು ಸಂದರ್ಭಗಳನ್ನು ಹತ್ತಿರ ಹತ್ತಿರ ಇಟ್ಟು ಓದುಗನಿಗೆ ಬಿಟ್ಟಿದ್ದಾನೆ.

ಹುಡುಗ ಗೆದ್ದು ಬದುಕುವ ಇನ್ನೊಂದು ಧಾರೆಯೂ ಇದೆ. ಲಕ್ಷ್ಮೀಶನ 'ಜೈಮಿನಿ ಭಾರತ'ದ ಬಭ್ರುವಾಹನ ಹಾಗೂ ಕುಶ-ಲವರ ಪ್ರಸಂಗಗಳು ಯಕ್ಷಗಾನ, ತೊಗಲುಗೊಂಬೆಯಾಟಗಳ ಮೂಲಕ ಜನಮನದಲ್ಲಿ ನೆಲೆಸಿವೆ. ಇಲ್ಲಿ ಮಗನೆದುರು ನಿಲ್ಲುವವನು ತಂದೆಯೇ, ಸತ್ತವರು ಮತ್ತೆ ಏಳುತ್ತಾರೆ, ಕದನವು ಕುಟುಂಬದ ಸಮಾಗಮದಲ್ಲಿ ಮುಗಿಯುತ್ತದೆ. ಅದೇ ಕಾವ್ಯದ ಸುಧನ್ವನಿಗೆ ಆ ಭಾಗ್ಯವಿಲ್ಲ. ತಡವಾಗಿ ಬಂದನೆಂದು ತಂದೆಯೇ ಅವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ನೂಕಿಸುತ್ತಾನೆ. ಅದರಿಂದ ಪಾರಾದವನು ರಣದಲ್ಲಿ ಸಾಯುತ್ತಾನೆ. ಹುಡುಗನು ಯುದ್ಧಕ್ಕೆ ಹೋಗುವುದು ಯಾವಾಗಲೂ ಸ್ವಇಚ್ಛೆಯಿಂದಲ್ಲ ಎಂಬ ಅರಿವು ಪರಂಪರೆಗೆ ಇತ್ತೆನ್ನಲು ಈ ಪ್ರಸಂಗ ಸಾಕು.

೪

ಈ ಹಿನ್ನೆಲೆಯಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ ಕಿಶೋರರ ಕೈಗೆ ಬಂದ ಗದ್ಯಕಥನಗಳನ್ನು ನೋಡಬೇಕು. ಪಂಜೆ ಮಂಗೇಶರಾಯರು ಪಾಡ್ದನದ ಕೋಟಿ-ಚೆನ್ನಯರನ್ನು ಕನ್ನಡ ಗದ್ಯಕ್ಕೆ ತಂದರು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಪರಿಷತ್ತಿನಿಂದ ಬಂದ 'ಭಾರತ-ಭಾರತಿ' ಮಾಲೆಯ ೫೧೦ ಕಿರುಪುಸ್ತಕಗಳು ಪುರಾಣಪುರುಷರನ್ನೂ ಇತಿಹಾಸಪುರುಷರನ್ನೂ ಹಳ್ಳಿಯ ಶಾಲೆಗಳವರೆಗೆ ಮುಟ್ಟಿಸಿದವು. ಓದುವ ಅಭ್ಯಾಸವನ್ನು ಬೆಳೆಸುವಲ್ಲಿ ಇಂತಹ ಪುಸ್ತಕಗಳ ಪಾತ್ರ ದೊಡ್ಡದು. ಆದರೆ ಕಿರುಜೀವನಚರಿತ್ರೆಯೆಂಬ ಪ್ರಕಾರಕ್ಕೇ ಒಂದು ಮಿತಿಯಿದೆ. ಹುಟ್ಟು, ಸಾಹಸ, ಮರಣ, ಸಂದೇಶ ಎಂಬ ನಾಲ್ಕು ಮೆಟ್ಟಿಲುಗಳಲ್ಲಿ ಕಥೆ ಮುಗಿಯಬೇಕಾದಾಗ ಮೊದಲು ಬಿದ್ದುಹೋಗುವುದು ಹಿರಿಯರ ಪಶ್ಚಾತ್ತಾಪ, ತಾಯಿಯ ಅಳಲು, ಎದುರಾಳಿಯ ಮಗ. ವಯಸ್ಸಿನ ಉಲ್ಲೇಖ ಉಳಿದರೂ ಅದರ ಕೆಲಸ ಬದಲಾಗುತ್ತದೆ. ಮೂಲದಲ್ಲಿ ಹದಿನಾರು ವರ್ಷವೆಂಬುದು ಹಿರಿಯರ ಮೇಲಿನ ಆರೋಪ. ಕಿಶೋರ ಗದ್ಯದಲ್ಲಿ ಅದು ಹುಡುಗನ ಕೊರಳಿನ ಪದಕ. ದುಃಖವು ಎಳೆಯರಿಗೆ ತಕ್ಕುದಲ್ಲ, ಸಾವು ಮಾತ್ರ ತಕ್ಕುದು ಎಂಬ ವಿಚಿತ್ರ ನಿಲುವನ್ನು ಈ ಪ್ರಕಾರ ತನಗರಿವಿಲ್ಲದೆಯೇ ತಳೆದಿದೆ.

ಇದಕ್ಕೆ ಅಪವಾದವಾಗಿ ನಿಲ್ಲುವ ಕನ್ನಡ ಕೃತಿ ನಿರಂಜನರ 'ಚಿರಸ್ಮರಣೆ' (೧೯೫೫). ಅದು ಕಿಶೋರರಿಗಾಗಿ ಬರೆದದ್ದಲ್ಲ, ಅದರ ಹೋರಾಟವೂ ಸೈನ್ಯದ್ದಲ್ಲ. ಆದರೂ ಹುಡುಗರು ಹೋರಾಟಗಾರರಾಗುವ ಪ್ರಕ್ರಿಯೆಯನ್ನು ಇಷ್ಟು ತಾಳ್ಮೆಯಿಂದ ಚಿತ್ರಿಸಿದ ಕನ್ನಡ ಕಾದಂಬರಿಗಳು ವಿರಳ. ಇಂದಿನ ಕಾಸರಗೋಡು ಜಿಲ್ಲೆಯ ಕಯ್ಯೂರಿನಲ್ಲಿ ೧೯೪೧ರ ಮಾರ್ಚಿಯಲ್ಲಿ ರೈತಹೋರಾಟದ ಸಂದರ್ಭದಲ್ಲಿ ಪೊಲೀಸನೊಬ್ಬನ ಸಾವಾಯಿತು. ೧೯೪೩ರ ಮಾರ್ಚಿ ೨೯ರಂದು ನಾಲ್ವರನ್ನು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಐದನೆಯವನು ಅಪ್ರಾಪ್ತ ವಯಸ್ಕನೆಂಬ ಕಾರಣಕ್ಕೆ ನೇಣಿನಿಂದ ಪಾರಾದ. ವೀರಗಲ್ಲು ಕೇಳದಿದ್ದ ವಯಸ್ಸನ್ನು ಇಲ್ಲಿ ವಸಾಹತುಶಾಹಿಯ ಕಾನೂನು ಕೇಳಿತೆಂಬುದು ಇತಿಹಾಸದ ವ್ಯಂಗ್ಯ. ೧೯೨೪ರಲ್ಲಿ ಹುಟ್ಟಿದ ನಿರಂಜನರಿಗೂ ಆ ಮಾರ್ಚಿಯಲ್ಲಿ ಹದಿನೇಳು ತುಂಬಿರಲಿಲ್ಲ. ಕಾದಂಬರಿಯ ಅಪ್ಪು ಮತ್ತು ಚಿರುಕಂಡ ಶಾಲೆಯ ಹುಡುಗರಾಗಿದ್ದು, ಮಾಸ್ತರರ ಒಡನಾಟದಲ್ಲಿ ಲೋಕವನ್ನು ಅರಿಯುತ್ತ ಬೆಳೆಯುತ್ತಾರೆ. ಅವರು ಏಕೆ ಹೋದರೆಂಬುದಕ್ಕೆ ಕೃತಿಯಲ್ಲಿ ಪೂರ್ಣ ಉತ್ತರವಿದೆ. ಹೋಗಬೇಕಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ಲೇಖಕರ ನಿಷ್ಠೆ ಅಷ್ಟಾಗಿ ಎತ್ತಗೊಡುವುದಿಲ್ಲ.

ಹೊರಜಗತ್ತಿನ ಎರಡು ಕೃತಿಗಳೊಡನೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ರೆಮಾರ್ಕನ ೧೯೨೯ರ ಜರ್ಮನ್ ಕಾದಂಬರಿಯಲ್ಲಿ ಇಡೀ ತರಗತಿಯನ್ನು ಸೇನೆಗೆ ಸೇರುವಂತೆ ಹುರಿದುಂಬಿಸುವವನೂ ಶಾಲಾಮಾಸ್ತರನೇ. ಹುಡುಗರು ಅವನನ್ನು ಕ್ಷಮಿಸುವುದಿಲ್ಲ. ಉಜೋಡಿನ್ಮ ಇವೇಲಾ ೨೦೦೫ರಲ್ಲಿ ಪ್ರಕಟಿಸಿದ 'ಬೀಸ್ಟ್ಸ್ ಆಫ್ ನೋ ನೇಷನ್' ಕಾದಂಬರಿಯಲ್ಲಿ ಅಗು ಎಂಬ ಬಾಲಸೈನಿಕನೇ ತನ್ನ ಒಡೆದ ಭಾಷೆಯಲ್ಲಿ ಕಥೆ ಹೇಳುತ್ತಾನೆ. ನಮ್ಮ ಪರಂಪರೆಯಲ್ಲಿ ಅಭಿಮನ್ಯುವಿಗೆ ವೀರಾಲಾಪವುಂಟು, ಭಯದ ಮಾತಿಲ್ಲ. ಇವೇಲಾ ತನ್ನ ಬಾಲಕನಿಗೆ ಭಯವನ್ನೂ ಅಪರಾಧಪ್ರಜ್ಞೆಯನ್ನೂ ಕೊಟ್ಟಿದ್ದಾನೆ. ಕನ್ನಡ ಕಿಶೋರ ಸಾಹಿತ್ಯದಲ್ಲಿ ಇನ್ನೂ ತೆರೆಯಬೇಕಾದ ಬಾಗಿಲು ಅದು.

೫

ಗ್ರಂಥಸ್ಥ ಪಠ್ಯಗಳು ಕೈಬಿಟ್ಟದ್ದನ್ನು ಪ್ರದರ್ಶನ ಪರಂಪರೆ ಕೆಲವೊಮ್ಮೆ ಉಳಿಸಿಕೊಳ್ಳುತ್ತದೆ. ತುಮಕೂರು ರಸ್ತೆಯ ಟಿ. ದಾಸರಹಳ್ಳಿ, ಪೀಣ್ಯ ಕೈಗಾರಿಕಾ ಪ್ರದೇಶಗಳಲ್ಲಿ ನೆಲೆಸಿದವರಲ್ಲಿ ತುಮಕೂರು, ಕುಣಿಗಲ್, ಮಾಗಡಿ, ನೆಲಮಂಗಲ ಕಡೆಯಿಂದ ಬಂದವರು ಬಹಳ. ಅವರೊಡನೆ 'ಕುರುಕ್ಷೇತ್ರ' ನಾಟಕವೂ ಬಂದಿತು. ಬಿ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಗಾಗಿ ಬರೆದ ನಾಟಕದ ಹೆಸರು ಅದೇ ಆದರೂ, ಇಂದು ಹವ್ಯಾಸಿಗಳು ಆಡುವುದು ಹಲವು ಕೈಗಳು ಸೇರಿಸಿದ ಕಂದ, ಹಾಡುಗಳ ಪಠ್ಯ. ಪಾಳಿ ಮುಗಿಸಿದವರು ಸಂಜೆ ಹಾರ್ಮೋನಿಯಂ ಮಾಸ್ತರರ ಬಳಿ ಕಲಿಯುತ್ತಾರೆ. ಪಾತ್ರಕ್ಕೆ ತಕ್ಕಂತೆ ಪಾತ್ರಧಾರಿಯೇ ಹಣ ಕೊಡಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಅಭಿಮನ್ಯುವಿಗೆ ಕಡಿಮೆ.

ಪಾತ್ರ ಹಣದಿಂದ ನಿರ್ಧಾರವಾಗುವ ಕಾರಣ, ನಾನು ನೋಡಿದ ಪ್ರದರ್ಶನಗಳಲ್ಲಿ ಅಭಿಮನ್ಯು ಹೆಚ್ಚಾಗಿ ಮೂವತ್ತು-ನಲವತ್ತರ ಗೃಹಸ್ಥನೇ. ವೀರಗಲ್ಲಿನಂತೆ ಇಲ್ಲಿಯೂ ವಯಸ್ಸು ಕಾಣೆ. ಪ್ರೇಕ್ಷಕರು ಹಾಡಿಗೆ ಮತ್ತೊಮ್ಮೆ ಎನ್ನುತ್ತಾರೆ, ನಡುವೆಯೇ ಬಂಧುಗಳು ಹಾರ ಹಾಕುತ್ತಾರೆ. ಒಮ್ಮೆ ಮಾತ್ರ ಪಾತ್ರಧಾರಿಯೊಬ್ಬರ ಮಗ, ಹೈಸ್ಕೂಲಿನ ಹುಡುಗ, ಅಭಿಮನ್ಯುವಾಗಿ ಬಂದ. ಕಿರೀಟ ಸಡಿಲವಾಗಿತ್ತು, ದನಿ ಇನ್ನೂ ಒಡೆಯುತ್ತಿತ್ತು. ಉತ್ತರೆಯಿಂದ ಬೀಳ್ಕೊಂಡು ಅವನು ಹೊರಟಾಗ ಮತ್ತೊಮ್ಮೆ ಎಂಬ ಕೂಗು ಏಳಲಿಲ್ಲ. ಮುಂದಿನ ಸಾಲಿನ ಹೆಂಗಸರು ಧರ್ಮರಾಯನ ಪಾತ್ರಧಾರಿಗೆ ಕೇಳುವಂತೆಯೇ, ಕಳಿಸಬೇಡಿ ಎಂದರು. ಅದೇ ಹಾಡು, ಅದೇ ಮಾತು, ದೇಹವೊಂದೇ ಬೇರೆ. ಪಠ್ಯವು ಮರೆತ ಪ್ರಶ್ನೆಯನ್ನು ಪ್ರೇಕ್ಷಕರು ನೆನಪಿಟ್ಟಿದ್ದರು.

೬

ಈ ಚರ್ಚೆ ಹಳೆಯ ಕಾವ್ಯಗಳಿಗೆ ಸೀಮಿತವಾದುದಲ್ಲ. ಹದಿನೆಂಟು ತುಂಬದವರು ನೇರ ಕದನದಲ್ಲಿ ಭಾಗಿಯಾಗದಂತೆ ನೋಡಿಕೊಳ್ಳಬೇಕೆಂಬ ವಿಶ್ವಸಂಸ್ಥೆಯ ಐಚ್ಛಿಕ ಒಡಂಬಡಿಕೆ ೨೦೦೦ದಲ್ಲಿ ಅಂಗೀಕೃತವಾಗಿ ೨೦೦೨ರಲ್ಲಿ ಜಾರಿಗೆ ಬಂದಿತು. ಭಾರತವು ಅದನ್ನು ೨೦೦೫ರಲ್ಲಿ ಸ್ಥಿರೀಕರಿಸಿತು. ೨೦೨೨ರ ಅಗ್ನಿಪಥ ಯೋಜನೆಯಲ್ಲಿ ಸೇರ್ಪಡೆಯ ಕನಿಷ್ಠ ವಯಸ್ಸು ಹದಿನೇಳೂವರೆ. ಸೈನ್ಯದ ಹಾದಿಯನ್ನು ಆಯ್ದುಕೊಳ್ಳುವ ಹುಡುಗ ಹುಡುಗಿಯರು ನಮ್ಮ ಕಾಲೇಜುಗಳಲ್ಲಿದ್ದಾರೆ. ಅವರ ಆಯ್ಕೆ ಗೌರವಾರ್ಹವಾದದ್ದು. ಅವರಿಗೆ ನಾವು ಕೊಡುವ ಕಥೆಗಳು ಅರ್ಧ ಕಥೆಗಳಾಗಬಾರದೆಂಬುದಷ್ಟೇ ಇಲ್ಲಿನ ವಾದ.

ಒಟ್ಟಿನಲ್ಲಿ, ಎಳೆಯ ಯೋಧನ ಬಗ್ಗೆ ಆಳವಾಗಿ ಯೋಚಿಸಿದ್ದು ನಮ್ಮ ಹಳೆಯ ಕಾವ್ಯ, ಅದನ್ನು ಅನುಭವದಲ್ಲಿ ಉಳಿಸಿಕೊಂಡದ್ದು ಪ್ರೇಕ್ಷಕ ಸಮುದಾಯ. ಕೈಬಿಟ್ಟದ್ದು ಎಳೆಯರಿಗಾಗಿಯೇ ಸಿದ್ಧವಾದ ಗದ್ಯ. ಜಾನಪದ ವಿದ್ವಾಂಸರು ಪ್ರದರ್ಶನದ ಪಠ್ಯದೊಡನೆ ಪ್ರೇಕ್ಷಕರ ಪ್ರತಿಕ್ರಿಯೆಯನ್ನೂ ದಾಖಲಿಸಬೇಕು, ಮಡಿದ ವೀರರ ತಾಯಂದಿರ ಅಳಲನ್ನು ಹಾಡುವ ಹೆಣ್ಣುದನಿಯ ಪಠ್ಯಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕು. ಅಭಿಮನ್ಯುವನ್ನು ಮತ್ತೆ ಬರೆಯಹೊರಟ ಕಿಶೋರ ಲೇಖಕರಿಗೆ ಸಲ್ಲಿಸಬಹುದಾದ ಸೂಚನೆ ಚಿಕ್ಕದು: ಯುಧಿಷ್ಠಿರನ ಪಶ್ಚಾತ್ತಾಪವನ್ನು ಬಿಡಬೇಡಿ, ಲಕ್ಷಣಕುಮಾರನ ಹೆಸರನ್ನು ಹೇಳಿ.